‘ದ’ ಯಾವುದು, ‘ಧ’ ಯಾವುದು ಕಾಣಬೇಕಲ್ಲ: ಟ್ಯಾಬ್ಲೆಟ್ ಕೊಂಡು ಒಂದೂಕಾಲು ವರ್ಷ

ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಊರು ಸಾಗರ, ಪ್ರಕಾಶಕರು ಬೆಂಗಳೂರಿನಲ್ಲಿ. ಮೊದಲೆಲ್ಲ ಪ್ರಿಂಟ್ ತೆಗೆದ ಹಾಳೆಗಳು ಕೊರಿಯರ್‌ನಲ್ಲಿ ಬರುತ್ತಿದ್ದವು. ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸುತ್ತಿದ್ದೆ. ಈಗ ಪಿಡಿಎಫ್ ವಾಟ್ಸಾಪ್‌ಗೆ ಬರುತ್ತದೆ, ಸಂಜೆಯೊಳಗೆ ವಾಪಸ್ ಬೇಕು ಅನ್ನುತ್ತಾರೆ. ಲ್ಯಾಪ್‌ಟಾಪಿನಲ್ಲಿ ಮೌಸ್ ಹಿಡಿದು ಕಾಮೆಂಟ್ ಹಾಕುತ್ತಾ ಎರಡು ಪುಸ್ತಕ ಮುಗಿಸಿದೆ. ಮಣಿಕಟ್ಟು ಹಿಡಿದುಕೊಂಡಿತು. ಟ್ಯಾಬ್ಲೆಟ್ ಹುಡುಕಲು ಶುರು ಮಾಡಿದ್ದು ಆಗ.

ಇದನ್ನು ಬರೆಯಲು ಕಾರಣ ಇದೆ. ಕೊಳ್ಳುವ ಮೊದಲು ನಾನು ಎಷ್ಟೋ ವಿಮರ್ಶೆ ಓದಿದೆ, ವಿಡಿಯೊ ನೋಡಿದೆ. ಎಲ್ಲರೂ ಚಿಪ್ ಬಗ್ಗೆಯೇ ಮಾತಾಡುತ್ತಾರೆ. ಪುಟ ತಿದ್ದುವವನಿಗೆ ಆ ಚಿಪ್ ಏನು ಮಾಡೀತು? ನನಗೆ ಬೇಕಿದ್ದದ್ದು ಮೂರು ಸಂಗತಿ. ಪುಟ ಎಷ್ಟು ದೊಡ್ಡದಾಗಿ ಕಾಣುತ್ತದೆ, ಪೆನ್ನು ಹೇಗೆ ಬರೆಯುತ್ತದೆ, ಎಲ್ಲ ಸೇರಿಸಿದರೆ ಎಷ್ಟಾಗುತ್ತದೆ. ಈ ಮೂರಕ್ಕೂ ಉತ್ತರ ನಾನೇ ಅಳತೆಪಟ್ಟಿ ಹಿಡಿದು ಹುಡುಕಬೇಕಾಯಿತು.

ಮೊದಲು ಪುಟದ ಲೆಕ್ಕ. ಕನ್ನಡದ ಹೆಚ್ಚಿನ ಪುಸ್ತಕಗಳು ಡೆಮಿ 1/8 ಅಳತೆಯವು. ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಅಡಿಯಲ್ಲಿ ಒಂದು ಪುಟ್ಟ ಸೀಳು. ‘ಬ-ಭ’, ‘ಡ-ಢ’ ಕೂಡ ಹಾಗೇ. ಪುಟ ಒಂಚೂರು ಚಿಕ್ಕದಾದರೂ ಆ ಸೀಳು ಮಾಯ. ಹತ್ತತ್ತು ಸಾಲಿಗೊಮ್ಮೆ ಬೆರಳಿನಿಂದ ಹಿಗ್ಗಿಸುತ್ತಾ ಕೂತರೆ ಓದುವ ಓಟವೇ ಕೆಟ್ಟುಹೋಗುತ್ತದೆ. ಹಾಗಾಗಿ ಇಡೀ ಪುಟ ಒಂದೇ ನೋಟಕ್ಕೆ, ಅಚ್ಚಿನಲ್ಲಿ ಇರುವುದಕ್ಕಿಂತ ದೊಡ್ಡದಾಗಿ ಕಾಣಬೇಕು.

11 ಇಂಚಿನ ಐಪ್ಯಾಡ್ ಪ್ರೊದಲ್ಲಿ ಡೆಮಿ ಪುಟ ಅಸಲು ಅಳತೆಗಿಂತ ಶೇ. 7-8ರಷ್ಟು ದೊಡ್ಡದಾಗಿ ಕೂರುತ್ತದೆ. ಸ್ಯಾಮ್‌ಸಂಗ್ ಟ್ಯಾಬ್ ಎಸ್10 ಪ್ಲಸ್‌ನ ಪರದೆ 12.4 ಇಂಚು, ಅನುಪಾತ 16:10. ನಿಲ್ಲಿಸಿ ಹಿಡಿದರೆ ಉದ್ದುದ್ದ. ಡೆಮಿ ಪುಟವೂ ಉದ್ದುದ್ದ. ಒಂದಕ್ಕೊಂದು ಹೇಳಿ ಮಾಡಿಸಿದ ಹಾಗೆ ಹೊಂದಿ ಪುಟ ಶೇ. 20ರಷ್ಟು ದೊಡ್ಡದಾಗುತ್ತದೆ. 13 ಇಂಚಿನ ಐಪ್ಯಾಡ್ ಪ್ರೊದಲ್ಲಿ ಶೇ. 22. ಅಂದರೆ ಹೆಚ್ಚುಕಮ್ಮಿ ಅಷ್ಟೇ, ಎರಡು ಪಕ್ಕದಲ್ಲಿ ಜಾಗ ಮಾತ್ರ ಜಾಸ್ತಿ ಉಳಿಯುತ್ತದೆ. ತೂಕವೂ ಹೆಚ್ಚುಕಮ್ಮಿ ಒಂದೇ: 571 ಗ್ರಾಂ ಮತ್ತು 579 ಗ್ರಾಂ.

ಎ4 ಹಾಳೆ ಓದುವವರಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಕೋರ್ಟಿನ ಕಾಗದ, ಆಡಿಟ್ ಕಾಗದ, ಕಾಲೇಜಿನ ನೋಟ್ಸ್ ಎಲ್ಲ ಎ4. ಅದು 16:10 ಪರದೆಯಲ್ಲಿ ಶೇ. 80ಕ್ಕೆ ಕುಗ್ಗುತ್ತದೆ. 13 ಇಂಚಿನ ಐಪ್ಯಾಡಿನಲ್ಲಿ ಶೇ. 89 ಉಳಿಯುತ್ತದೆ. ಒನ್‌ಪ್ಲಸ್ ಪ್ಯಾಡ್ 2ರ ಅನುಪಾತ 7:5. ಇದು ಎ4 ಹಾಳೆಯದ್ದೇ ಆಕಾರ, ಮೇಲೆ ಕೆಳಗೆ ಒಂದಿಷ್ಟೂ ಜಾಗ ಪೋಲಾಗುವುದಿಲ್ಲ. ಇಂಥ ವಿಷಯ ಯಾವ ವಿಡಿಯೊದವರೂ ಹೇಳಲಿಲ್ಲ. ನೀವು ದಿನಾ ಓದುವುದು ಯಾವ ಅಳತೆಯ ಕಾಗದ ಅಂತ ಮೊದಲು ನೋಡಿಕೊಳ್ಳಿ.

ಇನ್ನು ದುಡ್ಡು. ನಾನು ಕೊಳ್ಳಲು ಹೊರಟದ್ದು 2024ರ ಕೊನೆಗೆ. ಆ ವರ್ಷದ ಮೇ ತಿಂಗಳಲ್ಲಿ ಎಂ4 ಚಿಪ್ಪಿನ ಐಪ್ಯಾಡ್ ಪ್ರೊ ಬಂದಿತ್ತು. 11 ಇಂಚಿಗೆ 99,900 ರೂಪಾಯಿ, 13 ಇಂಚಿಗೆ 1,29,900. ಇದು ಬರೀ ಹಲಗೆಯ ಬೆಲೆ. ಅದರ ಪೆನ್ನು, ಅಂದರೆ ಪೆನ್ಸಿಲ್ ಪ್ರೊ, 11,900. ಮ್ಯಾಜಿಕ್ ಕೀಬೋರ್ಡ್ ದೊಡ್ಡದಕ್ಕೆ 33,900. ಮೂರೂ ಕೂಡಿಸಿ: 1,75,700 ರೂಪಾಯಿ. ಟ್ಯಾಬ್ ಎಸ್10 ಪ್ಲಸ್ 256 ಜಿಬಿಗೆ 90,999, ಪೆನ್ನು ಡಬ್ಬಿಯಲ್ಲೇ ಇರುತ್ತದೆ. ಚಾರ್ಜರ್ ಮಾತ್ರ ಇರುವುದಿಲ್ಲ, ಬರೀ ಕೇಬಲ್ಲು. 90 ಸಾವಿರ ತೆಗೆದುಕೊಂಡವರು ಒಂದು ಚಾರ್ಜರ್ ಇಡಲಿಲ್ಲವಲ್ಲ ಅಂತ ನಮ್ಮಮ್ಮ ಇವತ್ತಿಗೂ ಬೈಯುತ್ತಾರೆ.

ನಾನು ಕೊಂಡದ್ದು ಎಸ್10 ಪ್ಲಸ್. ಮಗಳ ಹತ್ತಿರ ಎಂ2 ಐಪ್ಯಾಡ್ ಏರ್ 11 ಇಂಚಿನದು ಇದೆ. ಆಗ ಅದರ ಬೆಲೆ 59,900 ಇತ್ತು. ಅವಳಿಗೆ ಕಾಲೇಜು ರಿಯಾಯಿತಿಯಲ್ಲಿ 54,900ಕ್ಕೆ ಸಿಕ್ಕಿತು, ಆ ಹೊತ್ತಿನ ಕೊಡುಗೆಯಲ್ಲಿ ಪೆನ್ಸಿಲ್ಲೂ ಸೇರಿ ಬಂತು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಇದನ್ನು ಮೊದಲು ವಿಚಾರಿಸಿ. 13 ಇಂಚಿನ ಪ್ರೊ ನನ್ನ ಭಾವಮೈದನದು. ಅವನು ಗೃಹಪ್ರವೇಶದ ಓಡಾಟದಲ್ಲಿದ್ದಾಗ ಅದು ಒಂದು ತಿಂಗಳು ನನ್ನ ಮೇಜಿನ ಮೇಲೇ ಇತ್ತು. ಹಾಗಾಗಿ ಮೂರನ್ನೂ ಕೆಲಸಕ್ಕೆ ಹಚ್ಚಿಯೇ ಹೇಳುತ್ತಿದ್ದೇನೆ.

ಪೆನ್ನಿನ ವಿಷಯಕ್ಕೆ ಬರೋಣ, ಏಕೆಂದರೆ ನಾನು ದಿನಕ್ಕೆ ಆರು ಗಂಟೆ ಹಿಡಿಯುವುದು ಅದನ್ನೇ. ಸ್ಯಾಮ್‌ಸಂಗ್‌ನ ಪೆನ್ನು, ಎಸ್ ಪೆನ್, ಬರೆಯುವುದಕ್ಕೆ ಚಾರ್ಜೇ ಬೇಡ. ಅದಕ್ಕೆ ಬೇಕಾದ ಶಕ್ತಿ ಪರದೆಯ ಅಡಿಯಿಂದಲೇ ಸಿಗುತ್ತದೆ. ಒಳಗಿರುವ ಪುಟ್ಟ ಬ್ಯಾಟರಿ ಗುಂಡಿ ಒತ್ತಿ ದೂರದಿಂದ ಫೋಟೊ ತೆಗೆಯುವಂಥ ಆಟಗಳಿಗೆ ಮಾತ್ರ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಪೆನ್ನಿಗೂ ಚಾರ್ಜ್ ನೋಡಿಕೊಳ್ಳುವ ತಲೆನೋವು ಇಲ್ಲ ಅನ್ನುವುದೇ ದೊಡ್ಡ ನೆಮ್ಮದಿ. ಅದರ ಮೊನೆ ಮೆತ್ತಗೆ, ಗಾಜಿನ ಮೇಲೆ ಸ್ವಲ್ಪ ಹಿಡಿದುಕೊಂಡು ಬರೆಯುತ್ತದೆ. ಆಪಲ್ ಪೆನ್ಸಿಲ್‌ನ ಮೊನೆ ಗಟ್ಟಿ, ಟಕ್ ಟಕ್ ಸದ್ದು. ರಾತ್ರಿ ಹನ್ನೊಂದಕ್ಕೆ ಪಕ್ಕದಲ್ಲಿ ಮಲಗಿದವರಿಗೆ ಇದರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಆದರೆ ಪೆನ್ನು ಇಡುವ ಜಾಗದಲ್ಲಿ ಆಪಲ್‌ನವರು ಗೆದ್ದರು. ಪೆನ್ಸಿಲ್ ಪಕ್ಕದ ಅಂಚಿಗೆ ಅಂಟಿಕೊಂಡು ಚಾರ್ಜ್ ಆಗುತ್ತದೆ, ಕಣ್ಣೆದುರೇ ಇರುತ್ತದೆ. ಎಸ್ ಪೆನ್ ಚಾರ್ಜ್ ಆಗುವುದು ಬೆನ್ನಿನ ಮೇಲೆ. ಮೇಜಿನ ಮೇಲೆ ಮಲಗಿಸುವ ಮೊದಲು ಪೆನ್ನು ಕಿತ್ತು ಇನ್ನೆಲ್ಲಾದರೂ ಇಡಬೇಕು. ನಾನಂತೂ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತೇನೆ, ಬಡಗಿಯ ಹಾಗೆ. ಪೆನ್ಸಿಲ್ ಪ್ರೊ ಕಳೆದರೆ ಫೋನಿನಲ್ಲಿ ಎಲ್ಲಿದೆ ಅಂತ ಹುಡುಕಬಹುದು. ನನ್ನಂಥ ಮರೆಗುಳಿಗಳಿಗೆ ಅದು ಸಣ್ಣ ವಿಷಯ ಅಲ್ಲ.

ಪೆನ್ಸಿಲ್ ಕೊಳ್ಳುವವರಿಗೆ ಎರಡು ಮಾತು. 7,900 ರೂಪಾಯಿಯ ಯುಎಸ್‌ಬಿ-ಸಿ ಪೆನ್ಸಿಲ್‌ನಲ್ಲಿ ಒತ್ತಡ ಗುರುತಿಸುವ ಗುಣ ಇಲ್ಲ. ಒತ್ತಿ ಬರೆದರೂ ತೇಲಿಸಿ ಬರೆದರೂ ಗೆರೆ ಒಂದೇ ದಪ್ಪ. ತಿದ್ದುವುದಕ್ಕೆ ಸಾಕು, ಚಿತ್ರ ಬರೆಯುವವರಿಗೆ ಸಾಲದು. ಇನ್ನೊಂದು, ಹಳೆಯ ಐಪ್ಯಾಡಿನ ಎರಡನೇ ತಲೆಮಾರಿನ ಪೆನ್ಸಿಲ್ ಎಂ4 ಪ್ರೊಗೂ ಎಂ2 ಏರ್‌ಗೂ ಆಗುವುದಿಲ್ಲ. ನೋಡಲು ಒಂದೇ ಥರ, ಅಂಟಿಕೊಳ್ಳುವ ರೀತಿಯೂ ಒಂದೇ ಥರ, ಆದರೆ ಕೆಲಸ ಮಾಡುವುದಿಲ್ಲ. ‘ಪೆನ್ಸಿಲ್ ಹೇಗೂ ಇದೆ ಭಾವ, ಹಲಗೆ ಮಾತ್ರ ಹೊಸದು ತಗೊಂಡ್ರೆ ಆಯ್ತು’ ಅಂತ ಲೆಕ್ಕ ಹಾಕಿದ್ದ ನಮ್ಮ ಭಾವಮೈದ ಅಂಗಡಿಯಲ್ಲಿ ಇನ್ನೂ 11,900 ಎಣಿಸಿದ.

ಕಡಿಮೆ ಬೆಲೆಯ ಪೆನ್ನುಗಳ ಕಥೆ ನನ್ನ ಕೈಯಾರೆ ಮಾಡಿಕೊಂಡ ನಷ್ಟ. ಮಗಳ ಪೆನ್ಸಿಲ್ ಸವೆಸುವುದು ಬೇಡ ಅಂತ ಆನ್‌ಲೈನಿನಲ್ಲಿ ಎರಡು ಸಾವಿರದ ಒಂದು ಪೆನ್ನು ತರಿಸಿದೆ. ಹೆಸರು ಹೇಳುವುದಿಲ್ಲ. ನಾಲ್ಕು ತಿಂಗಳಿಗೆ ಸತ್ತುಹೋಯಿತು. ಅದೇ ಸಮಯದಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ನನ್ನ ಟ್ಯಾಬಿಗೆ ಬ್ಲೂಟೂತ್ ಕೀಬೋರ್ಡ್ ಇರುವ ಕವರ್ ಕೊಂಡೆ. ಐದು ತಿಂಗಳಿಗೆ ಅದರ ಮಡಿಕೆ ಸಡಿಲಾಗಿ ಟ್ಯಾಬು ಸಾಷ್ಟಾಂಗ ಹಾಕತೊಡಗಿತು. ಕೇಳಲು ಹೋದರೆ ‘ಬಿಲ್ ಇದೆಯಾ ಸಾರ್’ ಅಂದರು. ಇರಲಿಲ್ಲ.

ಅಲ್ಲಿಗೆ ಕೀಬೋರ್ಡಿನ ಆಸೆ ಬಿಟ್ಟೆ. ಬಿಟ್ಟಿದ್ದು ಒಳ್ಳೆಯದೇ ಆಯಿತು. ಭಾವಮೈದನ ಐಪ್ಯಾಡನ್ನು ಮ್ಯಾಜಿಕ್ ಕೀಬೋರ್ಡ್ ಸಮೇತ ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟು ನೋಡಿದೆ. ಒಂದೂಕಾಲು ಕೆಜಿ ಹತ್ತಿರ. 13 ಇಂಚಿನ ಮ್ಯಾಕ್‌ಬುಕ್ ಏರ್ ತೂಕ 1.24 ಕೆಜಿ. 2025ರ ಮಾರ್ಚ್‌ನಲ್ಲಿ ಎಂ4 ಮ್ಯಾಕ್‌ಬುಕ್ ಏರ್ ಬಂದಾಗ ಬೆಲೆ 99,900 ಇತ್ತು. ಅಂದರೆ ಲ್ಯಾಪ್‌ಟಾಪಿನ ಭಾರ ಹೊತ್ತು, ಲ್ಯಾಪ್‌ಟಾಪಿಗಿಂತ ಜಾಸ್ತಿ ದುಡ್ಡು ಕೊಟ್ಟು, ಲ್ಯಾಪ್‌ಟಾಪಿನ ಕೆಲಸವನ್ನು ಟ್ಯಾಬ್ಲೆಟ್ಟಿನಲ್ಲಿ ಮಾಡುವುದು. ಕೀಲಿಗಳು ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಭಾವಮೈದ ಅದನ್ನು ತೆರೆದದ್ದು ನಾನು ನೋಡಿದ್ದು ಎರಡೇ ಸಲ.

ಕನ್ನಡದ ಮಟ್ಟಿಗೆ ಆಂಡ್ರಾಯ್ಡ್ ನನಗೆ ಹೆಚ್ಚು ಒಗ್ಗಿತು. ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡದ ಕೈಬರಹ ಇದೆ. ಪೆನ್ನಿನಲ್ಲಿ ಬರೆದರೆ ಅಕ್ಷರವಾಗಿ ಕೂರುತ್ತದೆ. ಒತ್ತಕ್ಷರ, ಅರ್ಕಾವತ್ತು ಎಲ್ಲ ಹಿಡಿಯುತ್ತದೆ, ನನ್ನ ಗೀಚಕ್ಷರವನ್ನೂ ಸೇರಿಸಿ. ಲೇಖಕರಿಗೆ ಉದ್ದದ ಟಿಪ್ಪಣಿ ಬರೆಯಬೇಕಾದರೆ ಬಾಯಲ್ಲಿ ಹೇಳಿಬಿಡುತ್ತೇನೆ, ಆಮೇಲೆ ತಿದ್ದುತ್ತೇನೆ. ಮಗಳ ಐಪ್ಯಾಡಿನಲ್ಲಿ ಪೆನ್ಸಿಲ್‌ನಿಂದ ಬರೆದದ್ದನ್ನು ಇಂಗ್ಲಿಷ್ ಅಕ್ಷರವಾಗಿ ಮಾಡುವ ಸ್ಕ್ರಿಬಲ್ ಸೊಗಸಾಗಿದೆ, ಆದರೆ ನಾನು ನೋಡಿದಾಗ ಅದರಲ್ಲಿ ಕನ್ನಡ ಇರಲಿಲ್ಲ. ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹಳೆಯ ವರ್ಡ್ ಕಡತ ಮಾತ್ರ ಎರಡರಲ್ಲೂ ಗೋಜಲು. ಫಾಂಟ್ ಇಲ್ಲದ ಕಡೆ ಅದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಪಿಡಿಎಫ್ ಮಾಡಿಯೇ ಕಳಿಸಿ ಅಂತ ಹೇಳಿಬಿಡಿ.

ತಿದ್ದುವುದು ಸ್ಯಾಮ್‌ಸಂಗ್ ನೋಟ್ಸ್‌ನಲ್ಲೇ. ಬಿಟ್ಟಿ ಬರುತ್ತದೆ, ಪಿಡಿಎಫ್ ತೆರೆದು ಬರೆದು ವಾಪಸ್ ಪಿಡಿಎಫ್ ಮಾಡಬಹುದು. ಪರದೆ ಎರಡು ಭಾಗ ಮಾಡಿ ಎಡಕ್ಕೆ ಹಸ್ತಪ್ರತಿ, ಬಲಕ್ಕೆ ಕರಡು ಇಟ್ಟುಕೊಳ್ಳುವುದೂ ಉಂಟು. ಆಗ ಅಕ್ಷರ ಚಿಕ್ಕದಾಗುತ್ತದೆ, ಅನುಮಾನ ಬಂದಾಗ ಮಾತ್ರ ಹಾಗೆ ಮಾಡುತ್ತೇನೆ. ಕಿಟಕಿಗಳ ಆಟದಲ್ಲಿ ಐಪ್ಯಾಡ್ ಹಿಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಐಪ್ಯಾಡ್‌ಒಎಸ್ 26 ಬಂದ ಮೇಲೆ ಅಲ್ಲೂ ಕಿಟಕಿಗಳನ್ನು ಬೇಕಾದ ಅಳತೆಗೆ ಎಳೆದುಕೊಳ್ಳಬಹುದು. ಪಿಡಿಎಫ್‌ಗೆ ಪ್ರಿವ್ಯೂ ಆ್ಯಪ್ ಕೂಡ ಬಂತು.

ಚಿತ್ರ ಬರೆಯುವವರಿಗೆ ನನ್ನ ಮಾತು ಕೇಳಬೇಡಿ, ಮಗಳನ್ನು ಕೇಳಿ. ಅವಳಿಗೆ ಪ್ರೊಕ್ರಿಯೇಟ್ ಅನ್ನುವ ಚಿತ್ರ ಬರೆಯುವ ಆ್ಯಪ್ ಇಲ್ಲದೆ ಆಗುವುದಿಲ್ಲ. ಅದು ಐಪ್ಯಾಡಿಗೆ ಮಾತ್ರ ಇದೆ. ಒಮ್ಮೆ ದುಡ್ಡು ಕೊಟ್ಟರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ‘ಅಪ್ಪ, ನಿನ್ನ ಟ್ಯಾಬ್ ಒಳ್ಳೇದೇ, ಆದ್ರೆ ನಂಗೆ ಬೇಡ’ ಅಂತ ಒಂದೇ ಮಾತಲ್ಲಿ ಮುಗಿಸಿದಳು. ಅವಳ ಏರ್ ಪರದೆ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗುತ್ತದೆ, ನನ್ನದು 120. ಈ ವ್ಯತ್ಯಾಸದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನಿಜ ಹೇಳಬೇಕೆಂದರೆ ತಿದ್ದುವಾಗ ನನಗೆ ಗೊತ್ತಾಗಲೇ ಇಲ್ಲ. ವೇಗವಾಗಿ ಗೆರೆ ಎಳೆದಾಗ ಅವಳಿಗೆ ಗೊತ್ತಾಗುತ್ತದಂತೆ.

ಮಲೆನಾಡಿನವರಿಗೆ ಒಂದು ಮಾತು. ಎಸ್10 ಪ್ಲಸ್‌ಗೂ ಅದರ ಪೆನ್ನಿಗೂ ನೀರು-ಧೂಳು ತಡೆಯುವ ಐಪಿ68 ಮಟ್ಟ ಇದೆ. ಐಪ್ಯಾಡುಗಳಿಗೆ ಅಂಥದ್ದು ಇಲ್ಲ. ಆಷಾಢದಲ್ಲಿ ಜಗಲಿಯಲ್ಲಿ ಕೂತು ಕೆಲಸ ಮಾಡುವಾಗ ಎರಚಲು ಬಿದ್ದರೆ ಪಂಚೆಯಲ್ಲಿ ಒರೆಸಿ ಮುಂದುವರಿಸುತ್ತೇನೆ. ಪರದೆಗೆ ಪ್ರತಿಫಲನ ತಡೆಯುವ ಲೇಪ ಇದೆ, ಹಾಗಾಗಿ ಜಗಲಿಯ ಬೆಳಕಿನಲ್ಲೂ ಓದಬಹುದು. ಈ ಲೇಪದ ಮೇಲೆ ‘ಕಾಗದದಂಥ’ ಸ್ಕ್ರೀನ್ ಗಾರ್ಡ್ ಹಾಕಿಸಿ ಪೆಟ್ಟು ತಿಂದವನು ನಾನೇ. ಬರೆಯಲು ಹಿತ, ಆದರೆ ಅಕ್ಷರದ ಮೇಲೆಲ್ಲ ಸಣ್ಣ ರವೆ ಚೆಲ್ಲಿದ ಹಾಗೆ ಕಾಣುತ್ತಿತ್ತು, ಪೆನ್ನಿನ ಮೊನೆಯೂ ಬೇಗ ಸವೆಯಿತು. ತಿಂಗಳಲ್ಲಿ ಕಿತ್ತೆಸೆದೆ. ಮೊನೆ ಬದಲಾಯಿಸಿಕೊಳ್ಳಬಹುದು, ಅದು ಪುಣ್ಯ.

14.6 ಇಂಚಿನ ಎಸ್10 ಅಲ್ಟ್ರಾವನ್ನು ಅಂಗಡಿಯಲ್ಲಿ ಹಿಡಿದು ನೋಡಿದೆ. 718 ಗ್ರಾಂ. ಊಟಕ್ಕೆ ಕೂರುವ ಮಣೆಯನ್ನು ಕೈಯಲ್ಲಿ ಹಿಡಿದ ಹಾಗಾಯಿತು. ತಾಳಗುಪ್ಪದ ರಾತ್ರಿ ರೈಲಿನ ಮೇಲಿನ ಬರ್ತ್‌ನಲ್ಲಿ ಮಲಗಿ ಓದುವವನಿಗೆ ಅದು ಆಗದ ಮಾತು.

ಈಗ ಕೊಳ್ಳುವವರಿಗೆ ಪಟ್ಟಿ ಬದಲಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಟ್ಯಾಬ್ ಎಸ್11 ಬಂತು, ಅದರಲ್ಲಿ 11 ಇಂಚು ಮತ್ತು 14.6 ಇಂಚು ಮಾತ್ರ. ನನ್ನ ಡೆಮಿ ಪುಟಕ್ಕೆ ಒಪ್ಪುವ ಪ್ಲಸ್ ಬರಲಿಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ಸುದ್ದಿ. ಎಂ5 ಐಪ್ಯಾಡ್ ಪ್ರೊ ಅದೇ ವರ್ಷದ ಅಕ್ಟೋಬರ್‌ನಲ್ಲಿ ಎಂ4ರ ಬೆಲೆಗೇ ಬಂತು. ಕೆಲಸ ಬರೀ ಎ4 ಓದುವುದು, ಗೆರೆ ಹಾಕುವುದು ಅಷ್ಟೇ ಆದರೆ ಒನ್‌ಪ್ಲಸ್ ಪ್ಯಾಡ್ 2 ಸಿಕ್ಕೀತಾ ನೋಡಿ. ಬಂದಾಗ 39,999 ಇತ್ತು, ಪೆನ್ನಿಗೆ 5,499. ಅದರ ಪರದೆ ಎಲ್‌ಸಿಡಿ. ಕಪ್ಪು ಬಣ್ಣ ನನ್ನ ಟ್ಯಾಬಿನ ಓಲೆಡ್ ಪರದೆಯಷ್ಟು ಗಾಢ ಅಲ್ಲ, ಬಿಳಿ ಹಾಳೆ ಓದಲು ಏನೂ ಕೊರತೆ ಇಲ್ಲ. ಲಕ್ಷ ರೂಪಾಯಿಯ ಹತ್ತಿರ ಹೋಗುವ ಮೊದಲು ಅದನ್ನೊಮ್ಮೆ ಕೈಯಲ್ಲಿ ಹಿಡಿಯಿರಿ. ಹೋಗುವಾಗ ನಿಮ್ಮದೇ ಒಂದು ಪಿಡಿಎಫ್ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಂಗಡಿಯವರು ತೋರಿಸುವ ಹೂವು, ಹುಲಿ ಎಲ್ಲ ಟ್ಯಾಬಿನಲ್ಲೂ ಚೆಂದವೇ ಕಾಣುತ್ತವೆ.

ಅಂದ ಹಾಗೆ, ಭಾವಮೈದ ಆ 13 ಇಂಚಿನ ಮ್ಯಾಜಿಕ್ ಕೀಬೋರ್ಡ್ ಮಾರುತ್ತಾನಂತೆ. ಡಬ್ಬಿ, ಬಿಲ್ ಎರಡೂ ಇವೆ. ಎಂ4 ಅಥವಾ ಎಂ5 ಪ್ರೊ ಇದ್ದವರಿಗೆ ಮಾತ್ರ ಆಗುತ್ತದೆ, ಏರ್ ಇದ್ದವರು ಕೇಳಬೇಡಿ.