ಕರು, ಗಬ್ಬದ ಕಡಸು, ಸೂಲು ಕಂಡ ಹಸು: ತಳಿ ದನದ ಕೆಲಸ ಯಾವುದರಿಂದ ಶುರು ಮಾಡಬೇಕು?

ನೋಂದಾಯಿತ ತಳಿಯ ದನ ಸಾಕಿ, ಹೋರಿ ಮತ್ತು ಕಡಸುಗಳನ್ನು ಬೇರೆ ಸಾಕಣೆದಾರರಿಗೆ ಮಾರಬೇಕು ಅನ್ನುವವರು ಮೊದಲು ಕೇಳುವುದು ಯಾವ ತಳಿ ಒಳ್ಳೆಯದು ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೆಯದು, ಕೊಟ್ಟಿಗೆಗೆ ಯಾವ ವಯಸ್ಸಿನ ದನ ಬರಬೇಕು ಅನ್ನುವುದು. ಹಾಲು ಬಿಡಿಸಿದ ಹೆಣ್ಣುಕರು, ಗಬ್ಬದ ಕಡಸು, ಮೂರ್ನಾಲ್ಕು ಸೂಲು ಆದ ಹಸು, ಈ ಮೂರನ್ನೂ ತಂದು ಸಾಕಿದ್ದೇನೆ. ಸ್ವಂತ ಹೋರಿಯನ್ನೂ ಇಟ್ಟುಕೊಂಡಿದ್ದೆ, ಕೃತಕ ಗರ್ಭಧಾರಣೆಯನ್ನೂ ಮಾಡಿಸಿದ್ದೇನೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಸಣ್ಣದಾಗಿ ಶುರು ಮಾಡುವವರಿಗೆ ನಡುವಯಸ್ಸಿನ ಹಸು ಮತ್ತು ಕೃತಕ ಗರ್ಭಧಾರಣೆಯ ಜೋಡಿಯೇ ಸರಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಹೆಣ್ಣುಕರು ಮೂರರಲ್ಲೂ ಅಗ್ಗ. ಹೆಸರಿರುವ ಹಿಂಡಿನಿಂದಲೂ ಕಡಿಮೆ ದುಡ್ಡಿಗೆ ಸಿಗುತ್ತದೆ. ಸಾಧು ಮಾಡುವುದೂ ಸುಲಭ, ನಿಮ್ಮ ಕೈಯಲ್ಲೇ ಬೆಳೆಯುತ್ತದೆ ನೋಡಿ. ತೊಂದರೆ ಇರುವುದು ಕಾಲದ ಲೆಕ್ಕದಲ್ಲಿ. ಏಳೆಂಟು ತಿಂಗಳ ಕರು ತಂದರೆ, ಯುರೋಪಿನ ತಳಿಗಳಲ್ಲಿ 14-15 ತಿಂಗಳಿಗೆ ಗಬ್ಬ ಕಟ್ಟಿಸಬಹುದು. ಅದೂ ಬೆಳೆದ ಹಸುವಿನ ತೂಕದಲ್ಲಿ ಶೇಕಡಾ 60-65 ಮುಟ್ಟಿದ್ದರೆ ಮಾತ್ರ. ಗಬ್ಬದ ಅವಧಿ ಸರಾಸರಿ 283 ದಿನ. ಹುಟ್ಟಿದ ಕರು ಮಾರುವ ವಯಸ್ಸಿಗೆ ಬರಲು ಇನ್ನೊಂದು ವರ್ಷ ಬೇಕು. ಹೀಗೆ ಎರಡೂವರೆ ವರ್ಷದ ಹತ್ತಿರ ಬರೀ ಮೇವಿನ ಖರ್ಚು. ಡುಬ್ಬವಿರುವ ಝೀಬು ತಳಿಗಳು ಇನ್ನೂ ನಿಧಾನ, ಅಲ್ಲಿ ಒಂದು ವರ್ಷ ಜಾಸ್ತಿ ಹಿಡಿದುಕೊಳ್ಳಿ.

ಇನ್ನೊಂದು ವಿಷಯ. ಕರುವಿನ ಬಗ್ಗೆ ಯಾರಿಗೂ ಏನೂ ಗೊತ್ತಿರುವುದಿಲ್ಲ. ಕೆಚ್ಚಲು ಹೇಗೆ ಕೂರುತ್ತದೆ, ಸುಲಭವಾಗಿ ಕರು ಹಾಕುತ್ತದಾ, ವರ್ಷಕ್ಕೊಂದು ಕರು ಕೊಡುತ್ತದಾ, ಎಲ್ಲವೂ ಊಹೆ. ನಾನು ತಂದ ಕರುಗಳಲ್ಲಿ ಒಂದು ಎಷ್ಟು ಕಾದರೂ ಬೆದೆಗೇ ಬರಲಿಲ್ಲ. ಪಶುವೈದ್ಯರು ಪರೀಕ್ಷೆ ಮಾಡಿ ಫ್ರೀಮಾರ್ಟಿನ್ ಅಂದರು. ಗಂಡುಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಕರುಗಳಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಹೀಗೆ ಗೊಡ್ಡಾಗಿಯೇ ಹುಟ್ಟುತ್ತವೆ. ಹೊಟ್ಟೆಯಲ್ಲಿರುವಾಗ ಎರಡರ ರಕ್ತವೂ ಬೆರೆಯುತ್ತದೆ, ಗಂಡಿನ ಕಡೆಯಿಂದ ಬಂದ ಹಾರ್ಮೋನುಗಳಿಂದ ಹೆಣ್ಣಿನ ಗರ್ಭಕೋಶ ಸರಿಯಾಗಿ ಬೆಳೆಯುವುದಿಲ್ಲ. ಮಾರಿದವರು ಅವಳಿ ಅನ್ನುವ ಮಾತೇ ಎತ್ತಿರಲಿಲ್ಲ. ಕರು ಕೊಳ್ಳುವವರು ಇದನ್ನು ಬಾಯಿಬಿಟ್ಟು ಕೇಳಿ, ಉತ್ತರ ಬರೆಸಿಕೊಳ್ಳಿ.

ಗಬ್ಬದ ಕಡಸು ನೋಡೋಕೆ ಎಲ್ಲಕ್ಕಿಂತ ಚಂದ. ಮೈ ತುಂಬಿರುತ್ತದೆ, ಚರ್ಮ ಮಿರಮಿರ ಮಿಂಚುತ್ತಿರುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ. ಕೆಲವೇ ತಿಂಗಳಲ್ಲಿ ಕರು ಬರುತ್ತದೆ ಅನ್ನುವುದು ನಿಜವಾದ ಲಾಭ. ಆದರೆ ಹೆರಿಗೆಯ ಕಷ್ಟ ಜಾಸ್ತಿ ಬರುವುದು ಮೊದಲ ಸೂಲಿನಲ್ಲೇ. ಹೊಸಬರ ಕೊಟ್ಟಿಗೆಯಲ್ಲಿ ಹೊಸ ತಾಯಿ, ನಡುರಾತ್ರಿ, ಕರುವಿನ ಕಾಲು ಹಿಡಿದು ಎಳೆಯುವ ಕೆಲಸ. ಯಾರಿಗೂ ಬೇಡ ಸ್ವಾಮಿ. ಕೊಳ್ಳುವಾಗ ಅದು ಯಾವ ಹೋರಿಗೆ ಗಬ್ಬವಾಗಿದೆ, ಆ ಹೋರಿಯ ಕರುಗಳ ಹುಟ್ಟುತೂಕ ಎಷ್ಟು ಅಂತ ಕೇಳಿ. ಕಡಸಿನ ಅಂದಕ್ಕಿಂತ ಅದು ಮುಖ್ಯ.

ಕರು ಹಾಕಿದ ಮೇಲೂ ಕಷ್ಟ ಮುಗಿಯುವುದಿಲ್ಲ. ಆ ಕಡಸು ಇನ್ನೂ ಬೆಳೆಯುತ್ತಿರುತ್ತದೆ. ಅದರ ಮೇಲೆ ಹಾಲು ಕೊಡಬೇಕು, ಮತ್ತೆ ಗಬ್ಬವೂ ನಿಲ್ಲಬೇಕು. ಮೇವು ಒಂಚೂರು ಕಡಿಮೆಯಾದರೂ ಬೆದೆ ತಡವಾಗುತ್ತದೆ, ಎರಡನೇ ವರ್ಷ ಖಾಲಿ ಹೋಗುತ್ತದೆ. ಮತ್ತೆ, ಮಾರುವವರು ತಮ್ಮ ಅತ್ಯುತ್ತಮ ಕಡಸುಗಳನ್ನು ತಮಗೇ ಇಟ್ಟುಕೊಂಡಿರುತ್ತಾರೆ, ಅಲ್ವಾ? ನಾವಿದ್ದರೂ ಹಾಗೇ ಮಾಡುತ್ತೇವೆ.

ಸೂಲು ಕಂಡ ಹಸುವಿನ ಮೇಲೂ ಅನುಮಾನ ಬರುತ್ತದೆ. ಒಳ್ಳೆಯದಾದರೆ ಯಾಕೆ ಮಾರುತ್ತಿದ್ದಾರೆ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆಯಿತು. ಹಿಂಡು ಕಡಿಮೆ ಮಾಡುತ್ತಿರಬಹುದು. ಅದೇ ಹೋರಿಯ ಮಗಳುಗಳು ಅವರಲ್ಲಿ ಜಾಸ್ತಿ ಇರಬಹುದು. ನಾನು ಹುಡುಕುವುದು ಇನ್ನೊಂದು ಬಗೆಯನ್ನು: ಅವರ ಹಿಂಡಿನಲ್ಲಿ ಎಲ್ಲಕ್ಕಿಂತ ತಡವಾಗಿ ಈಯುವ ಹಸು. ದೊಡ್ಡ ಹಿಂಡಿನವರು ಒಂದು ಗೊತ್ತಾದ ಕಾಲದೊಳಗೆ ಎಲ್ಲವೂ ಈಯಬೇಕು ಅಂತ ಲೆಕ್ಕ ಹಾಕಿರುತ್ತಾರೆ. ಅದರಾಚೆ ಬಿದ್ದ ಹಸು ಅವರಿಗೆ ಭಾರ. ನಿಮ್ಮದು ಹೊಸ ಹಿಂಡು, ಕಾಲ ನೀವೇ ಗೊತ್ತು ಮಾಡುವುದು. ಅವರಿಗೆ ತಡವಾಗಿದ್ದು ನಿಮಗೆ ಸರಿಯಾದ ಹೊತ್ತಿಗೆ ಬರಬಹುದು. ಒಂದೇ ಷರತ್ತು, ದಾಖಲೆಯಲ್ಲಿ ಎರಡು ಸೂಲಿನ ನಡುವಿನ ಅಂತರ ನೋಡಿ. ವರ್ಷದ ಆಸುಪಾಸಿನಲ್ಲಿದ್ದರೆ ತೆಗೆದುಕೊಳ್ಳಿ. ಪ್ರತಿ ಸಲ ಒಂದೊಂದು ತಿಂಗಳು ಜಾರುತ್ತಾ ಬಂದಿದ್ದರೆ ಬೇಡ.

ವಯಸ್ಸು ಹೆಚ್ಚಾದಂತೆ ಹಸುವಿನ ಬೆಲೆ ಇಳಿಯುತ್ತದೆ. ಅದರ ಕರುವಿನ ಬೆಲೆ ಇಳಿಯುವುದಿಲ್ಲ. ಐದರಿಂದ ಏಳು ವರ್ಷದ ಹಸುವಿನಲ್ಲಿ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ಪಕ್ಕದಲ್ಲಿ ಕರು, ಹೊಟ್ಟೆಯಲ್ಲಿ ಇನ್ನೊಂದು ಇರುವ ಹಸು ಸಿಕ್ಕಿದರಂತೂ ಮೊದಲ ವರ್ಷವೇ ಮಾರಲು ಏನಾದರೂ ಇರುತ್ತದೆ. ಅದಕ್ಕಿಂತ ದೊಡ್ಡ ಲಾಭ ಅದರ ಚರಿತ್ರೆ. ಹಿಂದಿನ ಕರುಗಳ ತೂಕ, ಅವು ಮುಂದೆ ಹೇಗಾದವು, ಎಲ್ಲ ಕಾಗದದ ಮೇಲಿರುತ್ತದೆ. ನಿಮ್ಮ ಹತ್ತಿರ ಕಡಸು ಕೊಳ್ಳಲು ಬಂದವರಿಗೆ ತಾಯಿಯನ್ನೇ ನಿಲ್ಲಿಸಿ ತೋರಿಸಬಹುದು. ಇನ್ನೂ ಹೆಸರು ಮಾಡದ ಹಿಂಡಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಇಲ್ಲ.

ಹಸುವಿನ ಜೊತೆ ಬರುವ ಅಪಾಯ ಅಂದರೆ ರೋಗ. ಬ್ರುಸೆಲ್ಲಾ (ಗಬ್ಬ ಕಳಚುವ ರೋಗ), ಕ್ಷಯ, ಬಿವಿಡಿ (ವೈರಸ್‌ನಿಂದ ಬರುವ ದನದ ಭೇದಿ ರೋಗ) ಪರೀಕ್ಷೆಯಿಲ್ಲದೆ ಯಾವುದನ್ನೂ ಒಳಗೆ ಬಿಡಬೇಡಿ. ಜೋನ್ಸ್ ರೋಗ ಇನ್ನೂ ಕಳ್ಳ. ಕರುವಾಗಿದ್ದಾಗ ತಗುಲಿದ್ದು ವರ್ಷಗಟ್ಟಲೆ ಸುಮ್ನಿದ್ದು ಆಮೇಲೆ ಭೇದಿಯಾಗಿ ಕಾಣಿಸಿಕೊಳ್ಳುತ್ತದೆ, ಶುರುವಿನಲ್ಲಿ ಪರೀಕ್ಷೆಗೂ ಸಿಗುವುದಿಲ್ಲ. ಅದಕ್ಕೇ ಒಂದು ಹಸುವಿನ ಪರೀಕ್ಷೆ ಸಾಲದು, ಇಡೀ ಹಿಂಡಿನ ಹಳೆಯ ಪರೀಕ್ಷೆಗಳ ಫಲಿತಾಂಶ ಕೇಳಿ. ತಂದ ಮೇಲೆ ಒಂದು ತಿಂಗಳು ಬೇರೆ ಕಟ್ಟಿ.

ಈಗ ಹೋರಿಯ ವಿಷಯ. ಸ್ವಂತ ಹೋರಿ ಇದ್ದರೆ ಆರಾಮ, ಸುಳ್ಳು ಹೇಳುವುದಿಲ್ಲ. ಬೆದೆ ಕಾಯುವ ತಲೆನೋವಿಲ್ಲ. ಹಸುಗಿಂತ ಮೊದಲು ಅದಕ್ಕೇ ಗೊತ್ತಾಗಿರುತ್ತದೆ. ಆದರೆ ಬೆಳೆದ ಒಂದು ಹೋರಿ ಇಪ್ಪತ್ತೈದು ಮೂವತ್ತು ಹಸುಗಳಿಗೆ ಸಾಕು, ನಿಮ್ಮಲ್ಲಿರುವುದು ಐದೋ ಆರೋ. ಮಿಕ್ಕ ವರ್ಷವೆಲ್ಲ ಅದನ್ನು ಸುಮ್ನೆ ಸಾಕಬೇಕು, ಗಟ್ಟಿ ಬೇಲಿ ಬೇಕು, ಎಷ್ಟೇ ಸಾಧುವಾದರೂ ಅದಕ್ಕೆ ಬೆನ್ನು ತೋರಿಸಿ ನಿಲ್ಲುವಂತಿಲ್ಲ. ಜ್ವರ ಬಂದು ವಾಸಿಯಾದ ಹೋರಿ ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿ ಕಂಡರೂ ಒಳ್ಳೆಯ ವೀರ್ಯ ಮತ್ತೆ ತಯಾರಾಗಲು ಎರಡು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ನಿಮ್ಮ ಸೀಸನ್ ಮುಗಿದಿರುತ್ತದೆ. ಇನ್ನು ಎರಡೇ ವರ್ಷದಲ್ಲಿ ಅದರ ಮಗಳುಗಳೇ ಬೆದೆಗೆ ಬರುತ್ತವೆ. ತಂದೆಗೆ ಮಗಳನ್ನು ಬಿಟ್ಟರೆ ಹುಟ್ಟುವ ಕರುವಿನ ಒಳಸಂತಾನದ (ಹತ್ತಿರದ ರಕ್ತಸಂಬಂಧದ ಕೂಡಿಕೆಯ) ಪ್ರಮಾಣ ಶೇಕಡಾ 25. ಅಂಥ ವಂಶಾವಳಿಯ ಕಾಗದವನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ?

ಕೃತಕ ಗರ್ಭಧಾರಣೆಯಲ್ಲಿ ಕಷ್ಟ ಇರುವುದು ಕಣ್ಣಿನ ಕೆಲಸದಲ್ಲಿ. ಬೆದೆ 21 ದಿನಕ್ಕೊಮ್ಮೆ. ಇನ್ನೊಂದು ಹಸು ಮೇಲೇರಿದಾಗ ಕದಲದೆ ನಿಂತುಕೊಂಡರೆ ಅದೇ ನಿಜವಾದ ಬೆದೆ. ಬಾಲದ ಬುಡದ ಕೂದಲು ಕೆದರಿರುತ್ತದೆ, ಗಾಜಿನಂಥ ತಿಳಿ ಲೋಳೆ ಎಳೆಯಾಗಿ ಇಳಿದು ತೊಡೆಗೆ ಅಂಟಿರುತ್ತದೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ವೀರ್ಯ ಹಾಕಿಸುವುದು ಹಳೆಯ ನಿಯಮ, ಇವತ್ತಿಗೂ ಕೆಲಸ ಮಾಡುತ್ತದೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ತೆಗೆದ ಸ್ಟ್ರಾ (ವೀರ್ಯ ತುಂಬಿದ ಸಣ್ಣ ಕೊಳವೆ) 35-37 ಡಿಗ್ರಿ ನೀರಿನಲ್ಲಿ ಕರಗಬೇಕು. ನೀರಿಗೆ ಥರ್ಮಾಮೀಟರ್ ಹಾಕದೆ ಬೆರಳು ಅದ್ದಿ ನೋಡುವವರು ಬಂದರೆ ನನಗಂತೂ ಸಮಾಧಾನ ಇರುವುದಿಲ್ಲ.

ಇಷ್ಟೆಲ್ಲ ಪಟ್ಟರೆ ಸಿಗುವುದೇನು? ನೀವು ಜನ್ಮದಲ್ಲಿ ಕೊಳ್ಳಲಾಗದಂಥ ಹೋರಿಯ ಸಂತಾನ. ನೂರಾರು ಕರುಗಳಲ್ಲಿ ಪರೀಕ್ಷೆಯಾಗಿರುವುದರಿಂದ ಅದರ ತಳಿ ಮೌಲ್ಯದ ಅಂಕಿಗಳನ್ನು, ಅಂದರೆ ಅದರ ಕರುಗಳು ಹೇಗಿರುತ್ತವೆ ಅನ್ನುವ ಲೆಕ್ಕವನ್ನು, ನಂಬಬಹುದು. ಎಳೆ ಹೋರಿಯ ಅಂಕಿಗಳು ಹಾಗಲ್ಲ, ಅವು ಹೆಚ್ಚಾಗಿ ತಂದೆತಾಯಿಯಿಂದ ಬಂದ ಅಂದಾಜು. ಇನ್ನೊಂದು ಲಾಭ ನನಗೆ ಆಮೇಲೆ ಅರ್ಥವಾಗಿದ್ದು. ತಳಿ ಸಂಘಗಳು ಕರುವಿನ ತೂಕವನ್ನು ಅದೇ ಹಿಂಡಿನ, ಅದೇ ಕಾಲದ, ಅದೇ ಮೇವು ತಿಂದ ಕರುಗಳ ಜೊತೆ ಹೋಲಿಸುತ್ತವೆ. ಆರು ಕರು ಆರು ಬೇರೆ ಬೇರೆ ತಿಂಗಳಲ್ಲಿ ಹುಟ್ಟಿದರೆ ಹೋಲಿಸಲು ಜೊತೆಯೇ ಇರುವುದಿಲ್ಲ, ತೂಕ ಮಾಡಿದ್ದು ದಂಡ. ಹಾರ್ಮೋನ್ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಬೆದೆಗೆ ತಂದು ವೀರ್ಯ ಹಾಕಿಸಿದರೆ ಕರುಗಳು ಹತ್ತಿರ ಹತ್ತಿರ ಬರುತ್ತವೆ, ಸಣ್ಣ ಹಿಂಡಿನ ಅಂಕಿಗೂ ಬೆಲೆ ಬರುತ್ತದೆ.

ಹಾಗಂತ ಹೆಸರಿರುವ ಹೋರಿ ಅಂತ ಕಣ್ಣು ಮುಚ್ಚಿ ಹಾಕಿಸಬಾರದು. ಆಂಗಸ್ ಅನ್ನುವ ಮಾಂಸದ ತಳಿಯಲ್ಲಿ ಕರುಗಳು ಬೆನ್ನು ಬಾಗಿ, ಕಾಲು ಸೆಟೆದು ಸತ್ತು ಹುಟ್ಟುವ ಆನುವಂಶಿಕ ದೋಷ 2008ರಲ್ಲಿ ಬಯಲಾಯಿತು. ತುಂಬಾ ಬೇಡಿಕೆಯಿದ್ದ ಹೋರಿಯೊಂದರ ವಂಶದಲ್ಲೇ ಅದು ಹರಡಿತ್ತು. ಇಂಥ ದೋಷ ಹೊತ್ತ ಹೋರಿ, ಹೊತ್ತ ಹಸು ಸೇರಿದರೆ ನಾಲ್ಕರಲ್ಲಿ ಒಂದು ಕರುವಿಗೆ ಅಪಾಯ. ಈಗ ಡಿಎನ್‌ಎ ಪರೀಕ್ಷೆ ಇದೆ. ಬಾಲದ ಕೂದಲನ್ನು ಬುಡಸಮೇತ ಕಿತ್ತು ಕಳಿಸಿದರೆ ಆಯಿತು. ಕತ್ತರಿಸಿದ ಕೂದಲು ನಡೆಯುವುದಿಲ್ಲ, ಬೇಕಾದದ್ದು ಬುಡದ ಬಿಳಿ ಗಂಟು.

ಭ್ರೂಣ ವರ್ಗಾವಣೆ, ಅಂದರೆ ಒಂದು ಹಸುವಿನ ಭ್ರೂಣಗಳನ್ನು ತೆಗೆದು ಬೇರೆ ಹಸುಗಳ ಗರ್ಭಕ್ಕೆ ಹಾಕುವುದು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಒಳ್ಳೆಯ ಹಸುವಿನಿಂದ ಒಂದೇ ವರ್ಷ ಹಲವು ಕರು ಪಡೆಯಬಹುದು, ನಿಜ. ಆದರೆ ಬಾಡಿಗೆ ತಾಯಿಗಳು ಬೇಕು, ಅವುಗಳ ಬೆದೆ ದಾನಿ ಹಸುವಿನ ಬೆದೆಗೆ ಒಂದು ದಿನದ ಅಂತರದೊಳಗೆ ಹೊಂದಬೇಕು. ಎಲ್ಲ ಸರಿಯಿದ್ದರೂ ಹೆಪ್ಪುಗಟ್ಟಿಸಿದ ಭ್ರೂಣ ಅರ್ಧಕ್ಕರ್ಧ ನಿಲ್ಲುವುದಿಲ್ಲ. ಮೊದಲ ನಾಲ್ಕೈದು ವರ್ಷ ಆ ಕಡೆ ನೋಡಬೇಡಿ.

ಮಾರಾಟದಲ್ಲಿ ಹೋರಿಗೂ ಕಡಸಿಗೂ ತುಂಬಾ ವ್ಯತ್ಯಾಸ ಕಂಡಿದ್ದೇನೆ. ಹೋರಿ ಕೊಳ್ಳುವವರು ಬೇಗ ಬರುತ್ತಾರೆ, ಜಾಸ್ತಿ ಕೇಳುತ್ತಾರೆ. ವೀರ್ಯ ಪರೀಕ್ಷೆಯ ಚೀಟಿ ಬೇಕು, ವರ್ಷದ ಹೋರಿಯ ಬೀಜದ ಸುತ್ತಳತೆ ಕನಿಷ್ಠ 30 ಸೆಂಟಿಮೀಟರ್ ಇರಬೇಕು, ಕೆಲಸಕ್ಕೆ ಬಾರದಿದ್ದರೆ ಬದಲಿ ಕೊಡಬೇಕು. ಹೊಸ ಹಿಂಡಿನ ಹೋರಿಗೆ ಈ ನಂಬಿಕೆ ಹುಟ್ಟಲು ವರ್ಷಗಳು ಬೇಕು. ಕಡಸಿಗೆ ಗಿರಾಕಿ ನಿಧಾನ, ಆದರೆ ನಿಮ್ಮಂತೆಯೇ ಹೊಸದಾಗಿ ಶುರು ಮಾಡುವವರು ಹುಡುಕಿಕೊಂಡು ಬರುತ್ತಾರೆ, ಕಾಗದ ಸರಿಯಿದ್ದರೆ ಚೌಕಾಸಿಯೂ ಕಡಿಮೆ. ಹಾಗಾಗಿ ನಾನು ಮೊದಲು ಕಡಸುಗಳನ್ನೇ ನೆಚ್ಚಿಕೊಂಡೆ. ಗಂಡುಕರುಗಳಲ್ಲಿ ತೂಕದಲ್ಲಿ ಹಿಂದೆ ಬಿದ್ದವು, ಕಾಲು ಸರಿಯಿಲ್ಲದವು, ಕೈ ಮುಟ್ಟಿದರೆ ಹಾಯಲು ಬರುವವು, ಇವಕ್ಕೆಲ್ಲ ಎಳೆಯದರಲ್ಲೇ ಬೀಜ ಒಡೆಸುತ್ತೇನೆ. ಮಿಕ್ಕಿದ ಒಂದೋ ಎರಡೋ ಮಾತ್ರ ಹೋರಿ ಅಂತ ನನ್ನ ಹಿಂಡಿನ ಹೆಸರಿನಲ್ಲಿ ಹೊರಗೆ ಹೋಗುತ್ತವೆ.