ನಡೆಯುತ್ತಿರುವ ಯುನಿಟ್ ಕೊಳ್ಳುವವರು ಮುಂಗಡ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಕಳೆದ ವರ್ಷ ಬಳ್ಳಾರಿಯಲ್ಲಿ ಒಂದು ಜೀನ್ಸ್ ಹೊಲಿಗೆ ಯುನಿಟ್ ತಗೊಂಡೆ. 22 ಮಷೀನು, ಒಂದು ಕಟಿಂಗ್ ಟೇಬಲ್, 16 ಜನ ಟೈಲರ್‌ಗಳು, ಕೈಯಲ್ಲಿ ಆರ್ಡರ್. 14 ಲಕ್ಷಕ್ಕೆ ಮಾತಾಯಿತು. ನಾನು ಹನ್ನೊಂದು ವರ್ಷ ಕಟಿಂಗ್ ಮಾಸ್ಟರ್ ಆಗಿ ದುಡಿದವನು. ಬಟ್ಟೆ ಮುಟ್ಟಿದರೆ ಸಾಕು, ಎಂಥ ಮಾಲು ಅಂತ ಹೇಳುತ್ತೇನೆ. ಕಾಗದದ ಮಾಲು ಮಾತ್ರ ಗೊತ್ತಿರಲಿಲ್ಲ.

ವಕೀಲರಿಗೆ ಒಮ್ಮೆ ತೋರಿಸೋಣ ಅಂದಿದ್ದೆ. ಮಾರುವವರು ನಕ್ಕರು. “ನಮ್ ನಮ್ಮೊಳಗ ವಕೀಲರು ಯಾಕ ತಮ್ಮಾ? ಸುಮ್ನೆ ರೊಕ್ಕ ದಂಡ. ನಮ್ಮ ಬಾಂಡ್ ಬರೆಯೋರು ಅದಾರ, ಇಬ್ಬರಿಗೂ ಅವರೇ ಬರೀತಾರ.” ವಯಸ್ಸಿನಲ್ಲಿ ದೊಡ್ಡವರು, ನನಗೆ ಕೆಲಸ ಕಲಿಸಿದವರ ಸ್ನೇಹಿತರು. ಎದುರು ಮಾತಾಡಲು ಬಾಯಿ ಬರಲಿಲ್ಲ. ಬಾಂಡ್ ಬರೆಯುವವರು ಅರ್ಧ ಗಂಟೆಯಲ್ಲಿ ಎರಡು ಪುಟ ಟೈಪ್ ಮಾಡಿ ಕೊಟ್ಟರು. ಬೆಂಚಿನ ಮೇಲೆ ಕೂತು ಸಹಿ ಹಾಕಿದೆ. ಕಾಗದದಲ್ಲಿ 6 ಲಕ್ಷ, ಉಳಿದ 8 ಲಕ್ಷ ಕೈಯಲ್ಲಿ ನಗದು. ಇದರಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ.

ಮೂರನೇ ತಿಂಗಳು ಬ್ಯಾಂಕಿನಿಂದ ಇಬ್ಬರು ಬಂದರು. ಕೈಯಲ್ಲಿ ಮಷೀನುಗಳ ನಂಬರಿನ ಪಟ್ಟಿ. ಒಬ್ಬರು ಬಗ್ಗಿ, ಮೊಬೈಲ್ ಟಾರ್ಚ್ ಹಿಡಿದು ಪುಟ್ಟ ತಗಡಿನ ಮೇಲಿನ ನಂಬರ್ ಓದುವುದು, ಇನ್ನೊಬ್ಬರು ಟಿಕ್ ಹಾಕುವುದು. ಟೈಲರ್‌ಗಳೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಮಾರಿದವರ ಸಾಲಕ್ಕೆ 9 ಮಷೀನು ಅಡವಿನಲ್ಲಿದ್ದವು. ಓವರ್‌ಲಾಕ್, ಬಾರ್‌ಟ್ಯಾಕ್, ದುಬಾರಿಯವೆಲ್ಲ ಆ ಒಂಬತ್ತರಲ್ಲೇ. ಬಾಗಿಲ ಪಕ್ಕದ ಗೋಡೆಯಲ್ಲಿ ನಾಲ್ಕು ಮೊಳೆ ತೂತು, ನಡುವೆ ಒಂದು ಚೌಕದಷ್ಟು ಜಾಗಕ್ಕೆ ಮಾತ್ರ ಹೊಸ ಸುಣ್ಣ ಇತ್ತು. ದೇವರ ಫೋಟೋ ತೆಗೆದಿರಬೇಕು ಅಂದುಕೊಂಡಿದ್ದೆ. ಅಲ್ಲಿದ್ದದ್ದು ಮಷೀನು ಅಡವಿನಲ್ಲಿವೆ ಅನ್ನುವ ಬ್ಯಾಂಕಿನ ಬೋರ್ಡು.

ಇಂಥ ಅಡವನ್ನು ಬ್ಯಾಂಕುಗಳು ಸೆರ್ಸೈ ಅನ್ನುವ ಕೇಂದ್ರ ದಾಖಲೆಯಲ್ಲಿ ನೋಂದಾಯಿಸುತ್ತವೆ. ಸ್ವಲ್ಪ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹುಡುಕಬಹುದು. ಅಲ್ಲಿ ನೋಂದಣಿ ಆಗಿದ್ದರೆ ಊರಿಗೆಲ್ಲ ತಿಳಿಸಿದಂತೆಯೇ ಲೆಕ್ಕ. ‘ನನಗೆ ಗೊತ್ತಿರಲಿಲ್ಲ’ ಅನ್ನುವ ಮಾತಿಗೆ ಬೆಲೆ ಇಲ್ಲ.

ಅದರ ಬೆನ್ನಿಗೇ ಜಿಎಸ್‌ಟಿ. ಮಾರಿದವರ ಹಳೆಯ ಬಾಕಿಗೆ ನನಗೂ ನೋಟಿಸ್. ನಾನು ಹೊಲಿಯದ ಪ್ಯಾಂಟಿಗೆ ನಾನ್ಯಾಕೆ ತೆರಿಗೆ ಕಟ್ಟಲಿ ಅಂತ ಜಗಳಕ್ಕೇ ಹೋದೆ. ಕಾನೂನು ಬೇರೆ ಹೇಳುತ್ತದೆ. ಕೇಂದ್ರದ ಜಿಎಸ್‌ಟಿ ಕಾಯ್ದೆಯ (ಸಿಜಿಎಸ್‌ಟಿ) 85ನೇ ಕಲಮಿನ ಪ್ರಕಾರ, ವ್ಯಾಪಾರ ಕೈ ಬದಲಾದರೆ ಆ ದಿನದವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ಮಾರಿದವರು, ಕೊಂಡವರು ಇಬ್ಬರೂ ಹೊಣೆ. ಬಾಕಿ ಎಷ್ಟು ಅಂತ ಆಮೇಲೆ ಲೆಕ್ಕವಾದರೂ ಅಷ್ಟೇ. ಬಡ್ಡಿ ವರ್ಷಕ್ಕೆ ಶೇ. 18. ಇನ್ನೊಂದು ಪೆದ್ದತನ ಕೇಳಿ: ಮಾರಿದವರು “ನನ್ನ ನಂಬರಿನಾಗ ಬಿಲ್ ಹಾಕು, ಏನಾಗಲ್ಲ” ಅಂದದ್ದಕ್ಕೆ ಎರಡು ತಿಂಗಳು ಹಾಗೇ ಹಾಕಿದ್ದೆ. ಜಿಎಸ್‌ಟಿ ನಂಬರಿನ ಒಳಗೇ ಅವರ ಪ್ಯಾನ್ ನಂಬರ್ ಕೂತಿರುತ್ತದೆ. ಅದು ಅಂಗಡಿಯ ಬೋರ್ಡಿನಂತೆ ಕೈ ಬದಲಾಗುವುದಿಲ್ಲ. ಕೊಂಡ ದಿನದಿಂದ ನಮ್ಮದೇ ಬೇಕು.

ಕಟ್ಟಡದ ಮಾಲೀಕರು ಬಾಡಿಗೆ ಕರಾರು ನನ್ನ ಹೆಸರಲ್ಲಿ ಇಲ್ಲ ಅಂತ ಹೊಸ ಅಡ್ವಾನ್ಸ್ ಕೇಳಿದರು. ಕೊಟ್ಟೆ, ಬೇರೆ ದಾರಿ ಇರಲಿಲ್ಲ.

ಕೊನೆಗೆ ವಕೀಲರ ಬಳಿ ಹೋದೆ. ಮೇಡಂ ಎರಡು ಪುಟ ಓದಿ ಒಂದು ಸಾಲಿನ ಮೇಲೆ ಪೆನ್ ಇಟ್ಟರು: ‘ಸದರಿ ವ್ಯಾಪಾರದ ಲಾಭ ನಷ್ಟ ಹಾಗೂ ಸಕಲ ಬಾಕಿಗಳಿಗೆ ಇನ್ನು ಮುಂದೆ ಖರೀದಿದಾರರೇ ಜವಾಬ್ದಾರರು.’ “ಇದನ್ನ ಓದಿದ್ರಾ?” ಓದಿದ್ದೆ. ಮುಂದೆ ಬರುವ ಬಾಕಿ ಅಂದುಕೊಂಡಿದ್ದೆ. ಹಳೆಯದೂ ಅದರಲ್ಲೇ ಬರುತ್ತದೆ ಅಂತ ಮಾರಿದವರು ಈಗ ವಾದ ಹೂಡಿದ್ದಾರೆ. ನಗದು ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲ. ಅದೂ ಅಲ್ಲದೆ ಎರಡು ಲಕ್ಷ ಅಥವಾ ಅದಕ್ಕೂ ಜಾಸ್ತಿ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ.

ಮೊದಲೇ ಬಂದಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ದೊಡ್ಡ ವಿದ್ಯೆಯೇನಲ್ಲ. ಮಾರುವವರ ತೆರಿಗೆ ರಿಟರ್ನ್ ತರಿಸಿ ನೋಡುವುದು, ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ, ಪಿಎಫ್ ಮತ್ತು ಕರೆಂಟ್ ಬಾಕಿಯ ವಿಚಾರಣೆ, ಪೇಪರಿನಲ್ಲಿ ಸಾರ್ವಜನಿಕ ಪ್ರಕಟಣೆ. ಮಷೀನುಗಳನ್ನು ನಂಬರ್ ಸಮೇತ ಕರಾರಿನಲ್ಲಿ ಬರೆಸುವುದು. ಹಳೆಯ ಬಾಕಿ ಬಂದರೆ ಮಾರಿದವರೇ ತುಂಬಿಕೊಡಬೇಕು ಅನ್ನುವ ಷರತ್ತು ಹಾಕಿ, ಎರಡು ಮೂರು ಲಕ್ಷವನ್ನು ಆರು ತಿಂಗಳು ಹಿಡಿದಿಡುವುದು. ನನಗೆ ಹೊಟ್ಟೆ ಉರಿದದ್ದು ಈ ಕೊನೆಯದಕ್ಕೆ. ದುಡ್ಡು ನನ್ನ ಕೈಯಲ್ಲಿದ್ದಾಗ ಮಾತ್ರ ನನ್ನ ಮಾತು ನಡೆಯುತ್ತಿತ್ತು, ಅಲ್ವಾ? ಮುಂಗಡ ಕೊಟ್ಟ ಮೇಲೆ ವಕೀಲರ ಹತ್ತಿರ ಹೋದರೆ ಅವರಾದರೂ ಏನನ್ನು ಹಿಡಿದಿಡಬೇಕು?

ಈಗ ಬ್ಯಾಂಕಿನೊಂದಿಗೆ ಕಂತಿನ ಮಾತು ನಡೆದಿದೆ. ಮಾರಿದವರಿಗೆ ಲೀಗಲ್ ನೋಟಿಸ್ ಹೋಗಿದೆ. ಫೋನ್ ಎತ್ತುವುದಿಲ್ಲ, ಬೇರೆ ನಂಬರಿನಿಂದ ಮಾಡಿದರೆ “ಯಾರು ತಮ್ಮಾ?” ಅನ್ನುತ್ತಾರೆ.

ಕೇಸು ಒಪ್ಪಿಸುವ ಮುಂಚೆ ಮೇಡಂಗೆ ಒಂದು ಪ್ರಶ್ನೆ ಕೇಳಿದೆ: “ಮಾರಿದವರ ಯಾವುದಾದರೂ ಕೆಲಸ ನಿಮ್ಮ ಹತ್ತಿರ ಇದೆಯಾ ಮೇಡಂ?” ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಇಲ್ಲ. ಆವತ್ತು ಬಾಂಡ್ ಬರೆಯೋರಿಗೂ ಇದನ್ನೇ ಕೇಳಬೇಕಿತ್ತು” ಅಂದರು.