ಕಾಲುವೆ ದೋಣಿಯೋ, ಸ್ಟೇಜ್‌ಕೋಚೋ? ಮಕ್ಕಳ ಜೊತೆ ಎರಡನ್ನೂ ಹತ್ತಿ ನೋಡಿದೆವು

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ದೋಣಿಯೇ ವಾಸಿ. ಎರಡರಲ್ಲೂ ಕೂತು ಬಂದ ಮೇಲೆ ಹೇಳುತ್ತಿದ್ದೇನೆ. ಊರಿಂದ ಅಮ್ಮ ಬಂದಿದ್ದಾಗ ಪೆನ್ಸಿಲ್ವೇನಿಯಾದ ಈಸ್ಟನ್‌ನಲ್ಲಿ ಹೇಸರಗತ್ತೆಗಳು ಎಳೆಯುವ ಕಾಲುವೆ ದೋಣಿ ಹತ್ತಿದೆವು. ಅದೇ ಬೇಸಿಗೆಯಲ್ಲಿ ಇನ್ನೊಂದು ಕಡೆ ಹಳೆಯ ಮಾದರಿಯ ಸ್ಟೇಜ್‌ಕೋಚು, ಅಂದರೆ ಕುದುರೆಗಳು ಎಳೆಯುವ ಪ್ರಯಾಣಿಕರ ಗಾಡಿ.

ಕೋಚಿನ ಒಳಗೆ ಮೂರು ಸಾಲು ಸೀಟು, ಒಂಬತ್ತು ಜನ, ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ನಡುವಿನ ಸೀಟಿಗೆ ಒರಗಲು ಹಲಗೆಯೇ ಇಲ್ಲ, ಬೆನ್ನಿಗೆ ಒಂದು ಚರ್ಮದ ಪಟ್ಟಿ ಅಷ್ಟೇ. ಅಮ್ಮ ಅಲ್ಲೇ ಕೂತಿದ್ದರು, ಪಾಪ. 1827ರಿಂದ ನ್ಯೂ ಹ್ಯಾಂಪ್‌ಶೈರ್‌ನ ಕಾಂಕರ್ಡ್‌ನಲ್ಲಿ ತಯಾರಾದ ಕೋಚುಗಳಲ್ಲಿ ಗಾಡಿಯ ಮೈಯನ್ನು ದಪ್ಪ ಚರ್ಮದ ಪಟ್ಟಿಗಳ ಮೇಲೆ ಕೂರಿಸುತ್ತಿದ್ದರು. ಹಾಗಾಗಿ ಎತ್ತಿ ಹಾಕುವುದು ಕಡಿಮೆ, ತೊಟ್ಟಿಲಿನ ಹಾಗೆ ತೂಗುವುದು ಜಾಸ್ತಿ. ಮಗಳಿಗೆ ಹತ್ತೇ ನಿಮಿಷಕ್ಕೆ ಹೊಟ್ಟೆ ತೊಳಸಿತು. ನಮ್ಮದು ಸಮ ಮಾಡಿದ ದಾರಿ. ಆ ಕಾಲದಲ್ಲಿ ಜೌಗು ನೆಲ ಬಂದರೆ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ಅದರ ಮೇಲೇ ಓಡಿಸುತ್ತಿದ್ದರು, ಚಕ್ರ ಹೂತುಕೊಂಡರೆ ಪ್ರಯಾಣಿಕರೇ ಇಳಿದು ತಳ್ಳಬೇಕಿತ್ತು. ಕೈಗೂಸು ಎತ್ತಿಕೊಂಡ ತಾಯಂದಿರು ಹೇಗೆ ಸಹಿಸಿಕೊಂಡರೋ!

ದೋಣಿ ಹೊರಟಿದ್ದೇ ಗೊತ್ತಾಗಲಿಲ್ಲ. ದಡದ ಮೇಲೆ ಎರಡು ಹೇಸರಗತ್ತೆ, ಉದ್ದನೆಯ ಹಗ್ಗ, ಅದು ಬಿಗಿಯಾದಾಗಲೆಲ್ಲ ಹನಿ ಹನಿ ನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ಡಬ್ಬಿ ತೆಗೆದು ಚಕ್ಕುಲಿ ಹಂಚಿದರು. ಮಗ ಮಾತ್ರ ಸುಮ್ನೆ ಕೂರಲಿಲ್ಲ, ಅವನ ಅಂಗಿ ಹಿಡಿದುಕೊಂಡು ಹಿಂದೆ ಹಿಂದೆ ಓಡಾಡುವುದೇ ನನ್ನ ಕೆಲಸವಾಯಿತು.

ಹಿಂದೆ ಇಂಥ ದೋಣಿಯಲ್ಲೇ ದೂರದ ಊರುಗಳಿಗೂ ಹೋಗುತ್ತಿದ್ದರು. ನ್ಯೂಯಾರ್ಕ್ ರಾಜ್ಯದಲ್ಲಿ 1825ರಲ್ಲಿ ಪೂರ್ತಿಯಾದ ಈರಿ ಕಾಲುವೆಯಲ್ಲಿ ಆಲ್ಬನಿಯಿಂದ ಬಫಲೋಗೆ 363 ಮೈಲಿ. ಆಳ ಬರೀ 4 ಅಡಿ. ಪ್ರಯಾಣಿಕರ ದೋಣಿ ಗಂಟೆಗೆ ಸುಮಾರು 4 ಮೈಲಿ ಹೋಗುತ್ತಿತ್ತು. ಒಳ್ಳೆ ರಸ್ತೆ ಸಿಕ್ಕರೆ ಕೋಚು ಇದಕ್ಕಿಂತ ಬೇಗ, ನಿಜ. ಆದರೆ ದೋಣಿಗೆ ಎಳೆಯುವ ಪ್ರಾಣಿಗಳನ್ನು ಬದಲಿಸಿಕೊಂಡು ಹಗಲೂ ರಾತ್ರಿ ಹೋಗುತ್ತಿದ್ದರು. ಊಟವೂ ಅಲ್ಲೇ.

ರಾತ್ರಿ ಮಾತ್ರ ದೋಣಿಯಲ್ಲಿ ಕಷ್ಟ. ಹಗಲು ಊಟ ಮಾಡಿದ ಕೋಣೆಯಲ್ಲೇ ಗೋಡೆಗೆ ಒಂದರ ಮೇಲೊಂದು ಮೂರು ಹಲಗೆ ಸಿಕ್ಕಿಸಿ ಮಲಗಬೇಕಿತ್ತು, ಹೆಂಗಸರ ಕಡೆಗೆ ಒಂದು ಪರದೆ. ಉಸಿರು ಕಟ್ಟುತ್ತದೆ, ಅಲ್ವಾ? ಛಾವಣಿ ಹತ್ತಿ ಗಾಳಿಗೆ ಕೂರೋಣ ಅಂದರೆ ತಗ್ಗು ಸೇತುವೆಗಳು. ಕೂಗು ಕೇಳಿದ ತಕ್ಷಣ ತಲೆ ಬಗ್ಗಿಸಬೇಕು. ಇಷ್ಟಾದರೂ ನಾನು ಮಕ್ಕಳನ್ನು ಹತ್ತಿಸುವುದು ದೋಣಿಗೇ.

ಚಳಿಗಾಲದ ಮಾತು ಬೇರೆ. ಆಗ ಕಾಲುವೆ ಮುಚ್ಚಿರುತ್ತಿತ್ತು, ರಸ್ತೆಯೇ ಗತಿ.